ಚೂಟಿಯ ಮೀಸೆ ಮಣ್ಣಾಯ್ತು

“ಮೋಸ! ಇದು ಮೋಸ ಮೇಡಂ!”

ಚೂಟಿ ಮ್ಯಾಟಿನ ಮೇಲೆ ಅಂಗಾತ ಬಿದ್ದುಕೊಂಡೇ ಕೂಗಿದಳು. ಸ್ಕೂಲಿನ ಕುಸ್ತಿ ಟೀಮಿಗೆ ಸೆಲೆಕ್ಷನ್ ನಡೆಯುತ್ತಿತ್ತು. ಕೋಚ್ ಮೇಡಂ ವಿಶಲ್ ಊದಿದ್ದೇ ತಡ, ಅವಳ ಬೆನ್ನು ನೆಲಕ್ಕೆ ಅಂಟಿತ್ತು. ಬೀಳಿಸಿದವಳು ಯಾರು ಅಂತೀರಿ? ಹಾಜರಿ ಕೂಗಿದರೂ ಪಿಸುಗುಡುವ, ಕ್ಲಾಸಿನವರೆಲ್ಲ ‘ಸೈಲೆಂಟು’ ಅಂತ ಕರೆಯುವ ಹುಡುಗಿ!

“ಏನಮ್ಮ ಮೋಸ?” ಕೋಚ್ ಮೇಡಂ ಕೇಳಿದರು.

“ನಾನು ಅವಳ ಕಾಲು ಹಿಡಿಯೋಕೆ ಹೋದೆ. ಅವಳು ಎರಡೂ ಕಾಲು ಹಿಂದಕ್ಕೆ ಎಳ್ಕೊಂಡು ನನ್ನ ಮೇಲೇ ಬಿದ್ದು ಮಗುಚಿಬಿಟ್ಲು. ವಿಡಿಯೋದಲ್ಲಿ ಎದುರಿಗಿರೋರು ಹಾಗೆ ಮಾಡಲ್ಲ ಮೇಡಂ! ಸುಮ್ನೆ ನಿಂತಿರ್ತಾರೆ!”

ಹಾಲ್ ತುಂಬ ನಗು.

“ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ!” ಅಂತ ಹಿಂದಿನ ಸಾಲಿನ ತರ್ಲೆ ಕೂಗಿದ. ಅವನ ಬಾಯಿಗೆ ಬೀಗವೇ ಇಲ್ಲ.

ಟೀಮಿಗೆ ಸೈಲೆಂಟು ಆಯ್ಕೆಯಾದಳು.

ಚೂಟಿ ತಲೆ ತಗ್ಗಿಸಿಕೊಂಡು ಮನೆಗೆ ನಡೆದಳು. ಕಿವಿ ಇನ್ನೂ ಸುಡುತ್ತಿತ್ತು. ಒಂದು ವಾರದಿಂದ ಅವಳು ಕೊಚ್ಚಿಕೊಂಡಿದ್ದೇನು ಕಮ್ಮಿಯೇ? “ನನ್ನ ಪಟ್ಟಿಗೆ ಸಿಕ್ಕಿದ್ರೆ ಮುಗೀತು” ಅಂದಿದ್ದಳು. ಬೆಳಿಗ್ಗೆಯಂತೂ ಸೈಲೆಂಟಿನ ಭುಜ ತಟ್ಟಿ, “ಹೆದರ್ಕೋಬೇಡ, ಮೆತ್ತಗೆ ಬೀಳಿಸ್ತೀನಿ” ಅಂದಿದ್ದಳು. ಅದು ನೆನಪಾದಾಗ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ತಪ್ಪಿದ್ದೆಲ್ಲಿ? ಅವಳು ಅಮ್ಮನ ಫೋನನ್ನು ನೀರಿನ ಜಗ್ಗಿಗೆ ಒರಗಿಸಿಟ್ಟು, ಕುಸ್ತಿ ವಿಡಿಯೋ ನೋಡಿ ಕಲಿತದ್ದು ಸುಳ್ಳೇನಲ್ಲ. ವಿಡಿಯೋ ಸರ್ ಪಟ್ಟನ್ನು ಬಿಡಿಬಿಡಿಯಾಗಿ ತೋರಿಸುತ್ತಿದ್ದರು. ಕೈ ಇಲ್ಲಿ, ತಲೆ ಇಲ್ಲಿ, ಮಂಡಿ ಇಲ್ಲಿ. ಪಟ್ಟು ಮುಗಿದ ತಕ್ಷಣ ಚೂಟಿ ಎದ್ದು, ತಮ್ಮ ಗುಬ್ಬಿಯನ್ನು ಹಾಸಿಗೆಯ ಮೇಲೆ ನಿಲ್ಲಿಸಿ ಬೀಳಿಸುತ್ತಿದ್ದಳು. ಅವನು ಒಂದು ಸಲವೂ ತಪ್ಪದೆ ಬಿದ್ದಿದ್ದ.

ಮನೆಯಲ್ಲಿ ಅವನು ಆಗಲೇ ಹಾಸಿಗೆ ಬಿಡಿಸಿ ಕಾಯುತ್ತಿದ್ದ. “ಬಾರೇ ಅಕ್ಕ, ಬೇಗ!”

ಚೂಟಿ ಮನಸ್ಸಿಲ್ಲದೆ ಬ್ಯಾಗ್ ಇಟ್ಟು ಬಗ್ಗಿದಳು. ಕೈ ಚಾಚುವಷ್ಟರಲ್ಲೇ ಗುಬ್ಬಿ ದೊಪ್ಪನೆ ಬಿದ್ದ.

“ಲೋ, ನಾನಿನ್ನೂ ಮುಟ್ಟೇ ಇಲ್ಲ ಕಣೋ!”

“ಬೇಗ ಬಿದ್ರೆ ಬೇಗ ಫೋನ್ ಕೊಡ್ತೀಯಲ್ಲಾ?”

ಚೂಟಿ ಅವನನ್ನು ಎಬ್ಬಿಸಿ ನಿಲ್ಲಿಸಿದಳು. “ಈ ಸಲ ಬೀಳಬೇಡ” ಅಂದಳು.

“ಫೋನು?”

“ಬೀಳದಿದ್ರೂ ಕೊಡ್ತೀನಿ.”

ಅವಳು ಕಾಲಿಗೆ ಕೈ ಹಾಕಿದಳು. ಗುಬ್ಬಿ ಎರಡೂ ಕಾಲು ಹಿಂದಕ್ಕೆಸೆದು ಅವಳ ಬೆನ್ನ ಮೇಲೆ ಬಿದ್ದ. ಥೇಟ್ ಸೈಲೆಂಟಿನ ಹಾಗೆಯೇ! ಚೂಟಿಯ ಮೂಗು ಹಾಸಿಗೆಯೊಳಗೆ ಹೂತುಹೋಯಿತು.

“ಎಲ್ಲೋ ಕಲ್ತೆ ಇದನ್ನ?”

“ಅದೇ ವಿಡಿಯೋದಲ್ಲಿ. ನೀನು ಫೋನ್ ಕೊಟ್ಟಾಗ ಮುಂದಿಂದು ಓಡ್ತಾ ಇರತ್ತೆ. ‘ಈಗ ಇದಕ್ಕೆ ಪ್ರತಿಪಟ್ಟು’ ಅಂತಾರೆ ಸರ್.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ನಲ್ಲ! ನೀನು ‘ಸುಮ್ನೆ ಬೀಳೋ’ ಅಂದೆ.”

ಹೌದು, ಅಂದಿದ್ದಳು. ಚೂಟಿ ಹಾಸಿಗೆಯಿಂದ ಮುಖ ಎತ್ತಲಿಲ್ಲ. ಹಾಲ್‌ನಲ್ಲಿ ಎಲ್ಲರೆದುರು ಆದ ನಾಚಿಕೆಗಿಂತ ಇದು ದೊಡ್ಡದಾಗಿತ್ತು. ಇಲ್ಲಿ ನೋಡುವವರು ಯಾರೂ ಇರಲಿಲ್ಲ, ಆದರೂ.

ಆಮೇಲೆ ಇಬ್ಬರೂ ಒಂದೇ ದಿಂಬಿಗೆ ಗಲ್ಲ ಊರಿ ವಿಡಿಯೋದ ಉಳಿದ ಭಾಗ ನೋಡಿದರು. ಅದರಲ್ಲಿ ವಿಡಿಯೋ ಸರ್ ತಮ್ಮದೇ ಪಟ್ಟು ಹಾಕಿ, ಶಿಷ್ಯನ ಪ್ರತಿಪಟ್ಟಿಗೆ ಸಿಕ್ಕಿ ತಾವೇ ಬಿದ್ದರು. ಬಿದ್ದು, ನಕ್ಕು, “ಇನ್ನೊಂದ್ಸಲ” ಅಂದರು.

ಮರುದಿನ ಸೈಲೆಂಟು ಹಾಲ್‌ನ ಬಾಗಿಲಲ್ಲಿ ಕೂತು ಶೂ ಲೇಸ್ ಕಟ್ಟುತ್ತಿದ್ದಳು. ಚೂಟಿ ಎರಡು ಸಲ ಹತ್ತಿರ ಹೋಗಿ ಎರಡು ಸಲವೂ ವಾಪಸ್ ಬಂದಳು. ಮೂರನೇ ಸಲ ಎದುರಿಗೆ ನಿಂತಳು.

“ನೀನು ಮೋಸ ಮಾಡ್ಲಿಲ್ಲ. ನಾನೇ ವಿಡಿಯೋ ಅರ್ಧ ನೋಡಿದ್ದು.”

ಸೈಲೆಂಟು ತಲೆ ಎತ್ತಿದಳು.

ಅಷ್ಟರಲ್ಲಿ ತರ್ಲೆ ವಕ್ಕರಿಸಿದ. “ಏನಮ್ಮಾ ಜಟ್ಟಿ, ಮೀಸೆ ಹೇಗಿದೆ?”

ಚೂಟಿಯ ಕಿವಿ ಮತ್ತೆ ಬಿಸಿಯಾಯಿತು. ತಿರುಗಿಸಿ ಕೊಡುವ ಮಾತು ನಾಲಿಗೆ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡು, ಮೂಗಿನ ಕೆಳಗೆ ಬೆರಳಾಡಿಸಿ ನೋಡಿಕೊಂಡಳು.

“ಪೂರ್ತಿ ಮಣ್ಣಾಗಿದೆ ಕಣೋ.”

ಕಿಲಕಿಲ ನಗು ಕೇಳಿಸಿತು. ನಕ್ಕವಳು ಸೈಲೆಂಟು! ಅವಳ ದನಿ ಇಷ್ಟು ಜೋರು ಅಂತ ಯಾರಿಗೂ ಗೊತ್ತಿರಲಿಲ್ಲ.

“ಪ್ರಾಕ್ಟೀಸ್ ಮಾಡೋಣ್ವಾ?” ಚೂಟಿ ಕೇಳಿದಳು. “ನೀನು ಸುಮ್ನೆ ನಿಂತಿರಬೇಡ, ಆಯ್ತಾ?”

ಇಬ್ಬರೂ ಮ್ಯಾಟಿಗೆ ಹೋದರು. ಚೂಟಿ ದಬಕ್ಕನೆ ಬಿದ್ದಳು. ಈ ಸಲ ಅವಳು ಕೂಗಲಿಲ್ಲ. ಎದ್ದು ಬಟ್ಟೆ ಸರಿಮಾಡಿಕೊಂಡು, “ಇನ್ನೊಂದ್ಸಲ” ಅಂದಳು.