ವಿಕ್ರಾಂತ ಹಂಚಿದ ಸಕ್ಕರೆ

ಆ ಡಿಸೆಂಬರಿನಲ್ಲಿ ವಿಕ್ರಾಂತನ ಅಂಗಿಯ ಗುಂಡಿಗಳು ವಿಪರೀತ ಉದುರುತ್ತಿದ್ದವು. ತಾವಾಗಿ ಉದುರದಿದ್ದರೆ ಅವನೇ ಕಿತ್ತುಕೊಳ್ಳುತ್ತಿದ್ದ. ಉಗಾರ ಖುರ್ದದ ಪೇಟೆಯಲ್ಲಿ ಟೇಲರುಗಳಿಗೇನೂ ಬರವಿಲ್ಲ. ಆದರೆ ಪಾಸ್ಟರ್ ಕಾಕಾಸಾಹೇಬರ ಮಗಳು ಉಜ್ವಲಾ ಕೂತಿರುತ್ತಿದ್ದದ್ದು ಒಂದೇ ಅಂಗಡಿಯಲ್ಲಿ.

“ಹೊರಗ ಲೇಡೀಸ್ ಟೇಲರ್ ಅಂತ ಬೋರ್ಡ್ ಐತಿ. ಓದಾಕ ಬರಂಗಿಲ್ಲೇನ್ರಿ?” ಅಂದಳು ಉಜ್ವಲಾ, ದಾರವನ್ನು ಹಲ್ಲಿನಲ್ಲಿ ಕಡಿಯುತ್ತ.

“ಬರತೈತ್ರಿ. ಆದ್ರ ಗಂಡಸರ ಟೇಲರ್ ಗುಂಡಿ ಭಾಳ ಗಟ್ಟಿ ಹಚ್ಚತಾನ.”

“ಗಟ್ಟಿ ಹಚ್ಚಿದ್ರ ಒಳ್ಳೇದಲ್ಲೇನು?”

“ಮತ್ತ ಬರಾಕ ನೆಪಾ ಸಿಗಬೇಕಲ್ರಿ.”

ಅವಳ ನೋಟ ಗುಂಡಿಯಿಂದ ಕಾಲರಿಗೆ, ಕಾಲರಿನಿಂದ ಗಲ್ಲಕ್ಕೆ ನಿಧಾನ ಹತ್ತಿತು. ಕಣ್ಣಿಗೆ ಕಣ್ಣು ಸೇರಿದ್ದೇ ತಡ, ಜಾರಿ ಮತ್ತೆ ಗುಂಡಿಗೇ ಬಿತ್ತು. ನಗು ಬಂದದ್ದು ಗೊತ್ತಾಗಬಾರದೆಂದು ತುಟಿ ಕಚ್ಚಿಕೊಂಡಳು. ವಿಕ್ರಾಂತನಿಗೆ ಅಷ್ಟೇ ಸಾಕಾಯಿತು, ಧೈರ್ಯ ಮಾಡಿಯೇ ಬಿಟ್ಟ.

“ನಿಮ್ಮ ಅಪ್ಪಾರ ಕಡೆ ನಮ್ಮ ಅವ್ವನ್ನ ಮಾತಿಗೆ ಕಳಸಲೇನ್ರಿ?”

ಮಷೀನು ನಿಂತಿತು. ಎದುರಿನ ಹೋಟೆಲಿನವನು ಭಜಿ ಬಿಡುವ ಸದ್ದು ಕೂಡ ಕೇಳಿಸಿತು.

“ನಾ ಒಲ್ಲೆ ಅನ್ನಂಗಿಲ್ಲ,” ಅಂದಳು ಉಜ್ವಲಾ ಮೆಲ್ಲಗೆ. “ಆದ್ರ ಒಂದ್ ಮಾತು ಕೇಳ್ರಿ. ಮೊನ್ನೆ ಟ್ರ್ಯಾಕ್ಟರ್ ಮಲಕಾರಿ ಅಣ್ಣ ನನಗ ಕೇಳಿದಾ, ನಮ್ಮ ವಿಕ್ರಾಂತ ಯಾವ ದೇವರಿಗೆ ನಡಕೋತಾನು ಅಂತ. ದಿನಾ ನಿಮ್ಮ ಬಾಜೂಕ ಕುಂತು ಬುತ್ತಿ ಉಣ್ಣೋ ಮನಶ್ಯಾಗ ಗೊತ್ತಿಲ್ಲ!”

ವಿಕ್ರಾಂತ ನೆಲ ನೋಡಿದ. ಅವನು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಗುಮಾಸ್ತ. ಕಬ್ಬಿನ ರೇಟು, ಕ್ರಿಕೆಟ್ಟು, ಯಾರ ಎಮ್ಮೆ ಈಯಿತು ಎನ್ನುವವರೆಗೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ತಾನು ಕ್ರಿಸ್ತನವನು ಎಂಬ ಮಾತು ಬಂದರೆ ಮಾತ್ರ ಬಾಯಿಗೆ ಬೀಗ. ಯಾರ ಹೆದರಿಕೆಯೂ ಇರಲಿಲ್ಲ, ಬರೀ ಸಂಕೋಚ. ಬೀರಪ್ಪನ ಹಬ್ಬಕ್ಕೆ ಮಲಕಾರಿಯ ಮನೆಯ ಹೋಳಿಗೆ, ದೀಪಾವಳಿಗೆ ಪಕ್ಕದ ಮನೆಯ ಸೋನಾಬಾಯಿಯ ಫರಾಳದ ಚಕ್ಕುಲಿ ಉಂಡಿ, ಎಲ್ಲವನ್ನೂ ಬೆರಳು ಚೀಪಿ ತಿನ್ನುತ್ತಿದ್ದ. ಕ್ರಿಸ್‌ಮಸ್ ಬಂದರೆ “ಊರಿಗೆ ಹೊಂಟೇನಿ” ಎಂದು ರಜೆ ಹಾಕಿ, ಬಾಗಿಲು ಮುಚ್ಚಿಕೊಂಡು ಅವ್ವನ ಜೊತೆ ಕೇಕು ತಿನ್ನುತ್ತಿದ್ದ.

“ನಮ್ಮ ವಿಶ್ವಾಸ ನಾವ್ ಕೇಳದನ ದೇವರು ಕೊಟ್ಟದ್ದು,” ಅಂದಳು ಉಜ್ವಲಾ. “ಕೊಟ್ಟದ್ದನ್ನ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕಿದ್ರ ಕೊಟ್ಟಾಂವಗ ಏನ್ ಅನಸಬೇಕು? ಯಾರಿಗೂ ಜುಲುಮಿ ಮಾಡಬ್ಯಾಡ್ರಿ. ನಮ್ಮ ಹಬ್ಬ ಐತಿ, ಬರ್ರಿ ಅನ್ರಿ. ಅಷ್ಟು ನಿಮ್ಮ ಬಾಯಿಲೆ ಹೇಳ್ರಿ, ಆಮ್ಯಾಲ ನಿಮ್ಮ ಅವ್ವನ್ನ ಕಳಸ್ರಿ.”

ಮನೆಗೆ ಬಂದು ಅವ್ವನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತ. ಅವ್ವ ಕ್ರಿಸ್‌ಮಸ್ ನಕ್ಷತ್ರಕ್ಕೆ ಕೆಂಪು ಜರಿ ಕಾಗದ ಅಂಟಿಸುತ್ತಿದ್ದಳು.

“ಬಾಯಿ ಬರದಿದ್ರ ಕೈ ಮುಂದ ಮಾಡಪಾ,” ಅಂದಳು. “ಏನರೆ ಸಿಹಿ ಒಯ್ದು ಕೊಡು. ಮಾತು ತಾನ ಬರತೈತಿ.”

ಕೇಕಿನಲ್ಲಿ ತತ್ತಿ ಇರುತ್ತದೆ, ಜೈನರಾದ ಸೋನಾಬಾಯಿ ಮುಟ್ಟುವುದಿಲ್ಲ. ಸಕ್ಕರೆಗೆ ಯಾರ ತಕರಾರೂ ಇಲ್ಲ. ಉಳಿದ ಕೆಂಪು ಜರಿ ಕಾಗದವನ್ನು ಅವ್ವ ಚಂದಾಗಿ ಸುರುಳಿ ಸುತ್ತಿ, ಸಕ್ಕರೆ ತುಂಬಿ, ಮೇಲೊಂದು ದಾರ ಕಟ್ಟಿಕೊಟ್ಟಳು.

ಮೊದಲ ಪೊಟ್ಟಣ ಸೋನಾಬಾಯಿಗೆ. “ಆಯಿ, ಇಪ್ಪತ್ತೈದಕ್ಕ ಮುಂಜಾನೆ ಪಾಸ್ಟರ್ ಕಾಕಾಸಾಹೇಬರ ಮನಿ ಮುಂದ ಮಂಡಪಾ ಹಾಕ್ತಾರ. ಅಲ್ಲಿ…” ಅಂದ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಕೂತು, ಮುಖ ಮಾತ್ರ ಕಾಗದದಷ್ಟೇ ಕೆಂಪಾಯಿತು. “ನೀವು ಬರಬೇಕ್ರಿ. ನನ್ನ ಸಲುವಾಗಿ ಬರ್ರಿ.”

ಮುದುಕಿ ಪೊಟ್ಟಣ ನೋಡಿದಳು, ಹುಡುಗನ ಮುಖ ನೋಡಿದಳು, ಮತ್ತೆ ಪೊಟ್ಟಣ ನೋಡಿದಳು.

“ಅಯ್ಯ ನನ್ನ ರಾಜಾ! ಬರದ ಬಿಡತೀನೇನು?” ಎಂದು ಅವನ ದೃಷ್ಟಿ ತೆಗೆದು ನೆಟಿಕೆ ಮುರಿದಳು.

ಇಷ್ಟು ಸುಲಭವೇ! ವಿಕ್ರಾಂತ ಹುರುಪಾಗಿ ಮಲಕಾರಿಗೆ ಕೊಟ್ಟ, ಕಾಟಾದವರಿಗೆ ಕೊಟ್ಟ, ಓಣಿ ತುಂಬ ಕೊಟ್ಟ. ಎಲ್ಲ ಕಡೆಯೂ ಮಾತು ಅದೇ ಜಾಗದಲ್ಲಿ ನಿಂತಿತು, ಎಲ್ಲರೂ ಹಲ್ಲು ಬಿಟ್ಟು “ಬರತೀವಿ” ಅಂದರು. ಮಲಕಾರಿಯಂತೂ ಅಪ್ಪಿಕೊಂಡು ಬೆನ್ನಿಗೆ ಎರಡು ಗುದ್ದಿದ.

ಈ ಗಡಿ ಸೀಮೆಯಲ್ಲಿ ನಿಶ್ಚಯಕ್ಕೆ ಸಾಖರಪುಡಾ ಎನ್ನುತ್ತಾರೆ. ಹುಡುಗಿಯ ಕೈಗೆ ಚಂದದ ಕಾಗದದ ಸುರುಳಿಯಲ್ಲಿ ಸಕ್ಕರೆ ಕೊಟ್ಟರೆ ಮಾತು ಗಟ್ಟಿಯಾದಂತೆ. ಮದುವೆಯಾಗದ ಹುಡುಗನೊಬ್ಬ ಕೆಂಪು ಸುರುಳಿ ಹಿಡಿದು, ವಯಸ್ಸಿಗೆ ಬಂದ ಮಗಳಿರುವ ಮನೆಯ ಮುಂದಿನ ಮಂಡಪಕ್ಕೆ ನಾಚಿ ನಾಚಿ ಕರೆದರೆ ಊರು ಏನು ತಿಳಿಯಬೇಕು? ಕೂಸಿಗೂ ಹೊಳೆಯುವ ಮಾತು ವಿಕ್ರಾಂತನಿಗೆ ಹೊಳೆಯಲಿಲ್ಲ, ಹಬ್ಬದ ಗಡಿಬಿಡಿಯಲ್ಲಿದ್ದ ಅವ್ವನಿಗೂ ಹೊಳೆಯಲಿಲ್ಲ. ನಾಚುವವನ ಬುದ್ಧಿ ಮಂಡಿಯ ಕೆಳಗಿರುತ್ತದೆ.

ಎರಡು ದಿನ ಬಿಟ್ಟು, ಶಾಬಾಸ್ ಅನ್ನಿಸಿಕೊಳ್ಳಲು ಅಂಗಡಿಗೆ ಹೋದ. ಉಜ್ವಲಾಳ ಸುತ್ತ ಜಂಪರಿನ ಬಟ್ಟೆಗಳ ರಾಶಿ ಬಿದ್ದಿತ್ತು. ಅವಳು ಮಷೀನು ತುಳಿಯುತ್ತಿದ್ದ ರಭಸ ನೋಡಿ ಅವನು ಹೊಸ್ತಿಲಲ್ಲೇ ನಿಂತ.

“ಬರ್ರಿ ಮದುಮಗಾ,” ಅಂದಳು ತಲೆ ಎತ್ತದೆ. “ಇದು ಮಲಕಾರಿ ಅಣ್ಣನ ಹೆಂಡತಿ ತಾರವ್ವಂದು, ಅರ್ಜಂಟು. ಇದು ಸೋನಾಬಾಯಿ ಸೊಸಿದು, ಅದೂ ಅರ್ಜಂಟು. ಯಾಕಂತ ಕೇಳ್ರಲಾ.”

“ಯಾಕ್ರಿ?”

“ನನ್ನ ಸಾಖರಪುಡಾಕ್ಕ ಹಾಕ್ಕೊಂಡ ಬರಾಕ! ಲವ್ ಮ್ಯಾರೇಜಂತ, ಪಾಸ್ಟರ್ ಒಪ್ಪಿ ತಮ್ಮ ಹಬ್ಬದ ದಿನಾನ ಇಟ್ಟಾರಂತ. ನನ್ನ ಸಾಖರಪುಡಾಕ್ಕ ಬರೋರ ಜಂಪರ್ ನಾನ ಹೊಲ್ಯಾಕತ್ತೇನಿ, ನನಗ ಮಾತ್ರ ಯಾರೂ ಕರದಿಲ್ಲ!”

ವಿಕ್ರಾಂತನಿಗೆ ಈಗ ಹೊಳೆಯಿತು.

“ಆಣೆ ಮಾಡಿ ಹೇಳತೇನ್ರಿ, ನಾ ಹಬ್ಬಕ್ಕನ ಕರದದ್ದು…”

“ಹಬ್ಬ ಅಂತ ಒಬ್ಬರ ಮುಂದರೆ ಅಂದೀರೇನು?”

ಉಜ್ವಲಾ ತಲೆ ಎತ್ತಿದಳು. ಸಿಟ್ಟಿನ ಹಿಂದೆ ಕಣ್ಣು ತುಂಬಿತ್ತು.

“ದೇವರ ಹೆಸರ ಒಯ್ರಿ ಅಂದ್ರ ನನ್ನ ಹೆಸರ ಒಯ್ದು ಊರ ತುಂಬ ಹಂಚೀರಿ. ಹೋಗಿ ಖರೇ ಹೇಳ್ರಿ. ಹೇಳಾಕ ಆಗದಿದ್ರ ನಿಮ್ಮ ಗುಂಡಿ ಇನ್ನ ಆ ಗಂಡಸರ ಟೇಲರ್ ಕಡೆನ ಹಚ್ಚಿಸ್ಕೊಳ್ರಿ.”

ಹೇಳಲೆಂದೇ ಮಲಕಾರಿಯ ಬಳಿ ಹೋದ. ಮಲಕಾರಿ ಟ್ರ್ಯಾಕ್ಟರಿನ ಸ್ಪೀಕರಿಗೆ ರಿಬ್ಬನ್ ಕಟ್ಟುತ್ತ, “ಲೇ, ಹಾಡ ಯಾವ್ದ ಹಚ್ಚಲಿ?” ಅಂದ. ಸೋನಾಬಾಯಿ ಬೀರುವಿನಿಂದ ಹಸಿರು ಇಳಕಲ್ ಸೀರೆ ತೆಗೆದು, “ಇದು ಒಪ್ಪತೈತಿಲ್ಲೋ?” ಅಂದಳು. ಭಾಳ ಒಪ್ಪತೈತ್ರಿ ಎಂದು ಹೇಳಿ ವಾಪಸು ಬಂದ.

ಇಪ್ಪತ್ತೈದರ ಮುಂಜಾನೆ ಮಂಡಪದಲ್ಲಿ ದಿನದ ಭಕ್ತರು ಬೆರಳೆಣಿಕೆ, ವಿಕ್ರಾಂತನ ಮಂದಿ ಒಂದು ಟ್ರೇಲರ್ ತುಂಬ. ಸ್ಪೀಕರಿನ ಅಬ್ಬರಕ್ಕೆ ಮಂಡಪದ ನಕ್ಷತ್ರಗಳು ಅಲುಗಾಡಿದವು. ತಾರವ್ವ ಕುಂಕುಮದ ತಟ್ಟೆ, ತೆಂಗಿನಕಾಯಿ, ಖಣ ಹಿಡಿದು ಇಳಿದಳು. ಹೆಂಗಸರ ಸಾಲಿನಲ್ಲಿ ಕೂತಿದ್ದ ಉಜ್ವಲಾ ಸೆರಗಿನ ಅಂಚು ಸುರುಳಿ ಸುತ್ತುತ್ತ, ಸುತ್ತಿದ್ದನ್ನು ಬಿಚ್ಚುತ್ತ ಇದ್ದಳು. ವಿಕ್ರಾಂತನ ಕಡೆ ನೋಡಲಿಲ್ಲ.

ಪಾಸ್ಟರ್ ಕಾಕಾಸಾಹೇಬರು ಎಲ್ಲರನ್ನೂ ನೋಡಿ, ಮೀಸೆಯಲ್ಲೇ ನಕ್ಕು ಮೈಕು ಮುಂದೆ ಮಾಡಿದರು. “ವಿಕ್ರಾಂತ, ಮಂದಿನ್ನ ಕರದಾಂವ ನೀ. ಯಾಕ ಕರದಿ ಅಂತ ನೀನ ಹೇಳು.”

ಅವನು ಎದ್ದ. ಮಾತು ಹಳೆಯ ಜಾಗದಲ್ಲೇ ನಿಂತಿತು. ಈಗ ಸುಮ್ಮನೆ ಕೂತರೆ ಉಜ್ವಲಾ ಹೋದಳು, ಮತ್ತೆ ಸಿಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಇನ್ನೊಂದೂ ಗೊತ್ತಿತ್ತು. ಇಷ್ಟು ಮಂದಿ ಹೊಸ ಬಟ್ಟೆ ಹಾಕಿಕೊಂಡು ತನ್ನ ಸಲುವಾಗಿ ಬಂದಿದ್ದಾರೆ, ಇವರ ಮುಂದೆ ತಾನಿನ್ನೂ ಅಡಗಿ ನಿಂತಿದ್ದೇನೆ. ಆ ನಾಚಿಕೆ ಮೊದಲಿನ ಸಂಕೋಚಕ್ಕಿಂತ ದೊಡ್ಡದಾಯಿತು.

“ಇದು ಸಾಖರಪುಡಾ ಅಲ್ರಿ,” ಅಂದ. “ತಪ್ಪು ನಂದು. ಇವತ್ತ ನಮ್ಮ ಯೇಸುಸ್ವಾಮಿ ಹುಟ್ಟಿದ ದಿನ. ನಾ ಹುಟ್ಟಿದಾಗಿಂದ ಅವನ ಮನಿಯಾಂವ. ಅಪ್ಪ ತೀರಿದಾಗ ನಮ್ಮ ಅವ್ವನ್ನ, ನನ್ನ ಕೈ ಹಿಡದಾಂವ ಅವನ. ನೀವು ನಿಮ್ಮ ಹಬ್ಬಕ್ಕೆಲ್ಲಾ ಕರದು ಉಣಿಸಿದ್ರಿ. ನಾ ಒಂದ್ ಸಲನೂ ನಿಮ್ಮನ್ನ ಕರೀಲಿಲ್ಲ. ನನ್ನ ಕಡೆ ಇದ್ದ ಚಲೋದನ್ನ ನಾ ಒಬ್ಬನ ಬಾಗಲಾ ಹಾಕ್ಕೊಂಡು ಉಂಡೆ. ಮಾಫ್ ಮಾಡ್ರಿ.”

ಮಲಕಾರಿ ಎದ್ದು ನಿಂತ. ಮುಖ ಗಂಟಿಕ್ಕಿತ್ತು.

“ಊರಿಗೆ ಹೊಂಟೇನಿ ಅಂತಿದ್ದೆಲ್ಲಲೇ, ಸುಳ್ಳನ?”

“ಸುಳ್ಳ.”

“ಮನ್ಯಾಗ ಇದ್ದಿ?”

“ಇದ್ದೆ.”

“ನಾವೇನ್ ನಿನ್ನ ತಿಂತಿದ್ವೇನ್ಲೇ? ನೀ ಯಾವ ದೇವರಿಗರೆ ನಡಕೋ. ಹಬ್ಬಕ್ಕ ಕರೀಲಿಲ್ಲಲ್ಲ, ಅದು ಸಿಟ್ಟು!” ಎಂದು ಟವೆಲ್ ಕೊಡವಿ, ಎಲ್ಲರೂ ಹೋಗೇಬಿಟ್ಟಾನು ಅನ್ನುವಷ್ಟರಲ್ಲಿ, ಧಪ್ಪನೆ ಮೊದಲ ಸಾಲಿನಲ್ಲೇ ಕೂತ. “ಹೂಂ, ಪಾಸ್ಟರ್ ಸಾಹೇಬ್ರ, ಹೇಳ್ರಿ. ಹೆಂಗ ಹುಟ್ಟಿದಾ?”

ಕಾಕಾಸಾಹೇಬರು ಹೇಳಿದರು. ದನದ ಕೊಟ್ಟಿಗೆ, ಮೇವು ಹಾಕುವ ಗೋದಲಿಯಲ್ಲಿ ಮಲಗಿದ ಕೂಸು, ಹೊಲದಲ್ಲಿ ಹಿಂಡು ಕಾಯುತ್ತಿದ್ದ ಕುರಿಗಾರರಿಗೆ ದೇವದೂತ ಬಂದು ಮೊಟ್ಟಮೊದಲು ಸುದ್ದಿ ತಿಳಿಸಿದ್ದು.

“ತಡೀರಿ, ತಡೀರಿ,” ಅಂದ ಮಲಕಾರಿ. ಅವನದೂ ಅಜ್ಜ ಮುತ್ತಜ್ಜರ ಕಾಲದಿಂದ ಕುರಿ ಕಾಯುವ ಮನೆತನ. “ಮೊದಲ ಕುರಿಗಾರರಿಗೇ ಹೇಳಿದಾ?”

“ಅವರಿಗೇ ಮೊದಲು.”

ಮಲಕಾರಿ ಮಂಡಪಕ್ಕೆಲ್ಲ ತಿರುಗಿ ಗೆದ್ದವನಂತೆ ಕೈ ಎತ್ತಿದ. “ನೋಡ್ರಿ! ಮೊದಲ ನಮ್ಮ ಮಂದಿಗೆ ಹೇಳಬೇಕಂತ ಆ ದೇವದೂತಗ ತಿಳೀತು. ಬಾಜೂಕ ಕುಂತು ಬುತ್ತಿ ತಿನ್ನೋ ಈ ವಿಕ್ರಾಂತಗ ತಿಳೀಲಿಲ್ಲ!”

ನಗೆ ಬುಗ್ಗೆಂದಿತು. ಪಾಸ್ಟರ್ ಕೂಡ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಹಾಡಾಯಿತು, ಪ್ರಾರ್ಥನೆಯಾಯಿತು. ವಿಕ್ರಾಂತನ ಅವ್ವ ಎಲ್ಲರಿಗೂ ನಡೆಯುವಂಥ ಶಿರಾ ಬಡಿಸಿದಳು. ಎಲ್ಲ ಮುಗಿಯಿತು ಅನ್ನುವಾಗ ಸೋನಾಬಾಯಿ ಕೋಲೂರಿ ಎದ್ದಳು.

“ಎಲ್ಲಾ ಚಲೋ ಆತಪಾ. ಆದ್ರ ಇಷ್ಟು ಚಂದ ಸೀರಿ ಉಟಗೊಂಡ ಬಂದೀನಿ, ಸುಮ್ನ ಹೆಂಗ ಹೋಗಲಿ? ಏ ಉಜ್ವಲಾ, ಬಾ ಇಲ್ಲಿ. ಈ ಹುಡುಗಾ ಬ್ಯಾಡೇನ ನಿನಗ?”

ಊರಿನವರಿಗೆಲ್ಲ ಮಾತು ಕಲಿಸುವ ಹುಡುಗಿ ಈಗ ಅಪ್ಪನ ಕಡೆ ನೋಡಿದಳು. ಕಾಕಾಸಾಹೇಬರು, “ನನ್ನ ಯಾಕ ನೋಡ್ತಿ? ಕರಿಯೋದಷ್ಟ ನಮ್ಮ ಕೆಲಸ, ಹೂಂ ಅನ್ನೋದು ಬಿಡೋದು ಅವರವರ ಮನಸ್ಸು ಅಂತ ನಾನ ಹೇಳಾಂವ,” ಅಂದರು.

“ಒಡಪು ಹೇಳಬೇಕು, ಒಡಪು!” ಎಂದು ತಾರವ್ವ ಕೂಗಿದಳು. ಮನಸ್ಸಾದವನ ಹೆಸರನ್ನು ಪ್ರಾಸದಲ್ಲಿ ಕೂಡಿಸಿ ಎಲ್ಲರ ಮುಂದೆ ಹೇಳಿದರೆ ಒಪ್ಪಿದಂತೆ. ಹೆಂಗಸರೆಲ್ಲ ಚಪ್ಪಾಳೆ ಹಾಕತೊಡಗಿದರು.

ಉಜ್ವಲಾಳ ಕಿವಿಯ ತುದಿಯವರೆಗೂ ಕೆಂಪೇರಿತು. ಎರಡು ಸಲ ಬಾಯಿ ತೆರೆದಳು, ಎರಡು ಸಲ ಮುಚ್ಚಿದಳು. ಬಾಯಿ ಕಟ್ಟುವುದೆಂದರೆ ಏನೆಂದು ಅವಳಿಗೂ ಇವತ್ತು ಗೊತ್ತಾಯಿತು ಎಂದು ವಿಕ್ರಾಂತನಿಗೆ ಅನಿಸಿ, ಪಾಪ ಎಂದುಕೊಂಡ. ಅಷ್ಟರಲ್ಲಿ ಅವಳ ದನಿ ಕೇಳಿಸಿತು, ಮೊದಲು ಸಣ್ಣಗೆ, ಆಮೇಲೆ ಸ್ಪಷ್ಟವಾಗಿ:

“ಗ್ವಾದಲ್ಯಾಗಿನ ಕೂಸಿಗೆ ಆಕಳ ಉಸುರ ಬೆಚ್ಚಗ,
ವಿಕ್ರಾಂತರ ಹೆಸರ ಹೇಳಿದ್ರ ನನ್ನ ಜೀವ ತಣ್ಣಗ.”

ಹೇಳಿ ತಲೆ ತಗ್ಗಿಸಲಿಲ್ಲ. ನೇರ ಅವನನ್ನೇ ನೋಡಿದಳು, ಈ ಸಲ ನೋಟ ಎಲ್ಲಿಗೂ ಜಾರಲಿಲ್ಲ. ಮಂಡಪವೆಲ್ಲ ಅವನ ಕಡೆಗೇ ತಿರುಗಿತ್ತು. ವಿಕ್ರಾಂತ ಕಣ್ಣು ತುಂಬಿಕೊಂಡು, ಬಾಯ್ತುಂಬ ನಗುತ್ತ ನಿಂತೇ ಇದ್ದ. ಅಷ್ಟು ಮಂದಿಯ ನಡುವೆ ಅವನಿಗೆ ಎಲ್ಲೂ ಅಡಗಿಕೊಳ್ಳಬೇಕೆಂದು ಅನಿಸಲಿಲ್ಲ.