ಪಕ್ಕೆಲುಬಿನ ಮೇಲಿನ ಬಸಳೆ

ಒಗೆಯುವ ಕಲ್ಲಿನ ಮೇಲೆ ಹೆಂಡತಿ ರಿನುವಿನ ನೈಟಿ ಬಿದ್ದಿತ್ತು. ಕೈ ತೊಳೆಯಲೆಂದು ಹಿತ್ತಲಿಗೆ ಬಂದ ನಿಬಿನ್‌ಗೆ ಅದರ ಎಡಬದಿಯ ಕಲೆ ಕಂಡಿತು. ರಕ್ತ. ರಕ್ತದ ಜೊತೆಗೆ ಹಸಿರುಗಪ್ಪು ಬಣ್ಣದ ಎಂಥದೋ ನೀರು.

ಅವನು ಕೈ ತೊಳೆಯುವುದನ್ನೇ ಮರೆತ.

ಎರಡು ವರ್ಷದ ಹಿಂದೆ ಕ್ಯಾನ್ಸರ್ ಅಂತ ರಿನುವಿನ ಎಡ ಸ್ತನವನ್ನು ತೆಗೆದಿದ್ದರು. ಆಮೇಲೆ ತಮ್ಮ ಊರು ಪೆರಾಬೆಯಿಂದ ಮಂಗಳೂರಿಗೆ ಓಡಾಟ, ಕೀಮೋ, ಉದುರಿದ ಕೂದಲು, ಮತ್ತೆ ಗುಂಗುರಾಗಿ ಬಂದ ಕೂದಲು. ಕಳೆದ ತಿಂಗಳಷ್ಟೇ ಡಾಕ್ಟರು ಎಲ್ಲ ಸರಿ ಇದೆ ಎಂದಿದ್ದರು.

ಶನಿವಾರ ಅವಳು ಮಗಳ ಹಾಸ್ಟೆಲಿಗೆಂದು ಹೇಳಿ ಪುತ್ತೂರಿಗೆ ಹೋಗಿದ್ದಳು. ಸಂಜೆ ಫೋನಿನಲ್ಲಿ ಮಗಳು, "ಅಮ್ಮ ಬರ್ಲೇ ಇಲ್ಲ ಪಪ್ಪಾ" ಅಂದಿದ್ದಳು. ನಿಬಿನ್ ಆ ಬಗ್ಗೆ ಏನೂ ಕೇಳಿರಲಿಲ್ಲ. ಕೇಳುವುದಕ್ಕೂ ತ್ರಾಣ ಬೇಕು.

ಅವನು ಹಾಗೆಯೇ ಅಡುಗೆಮನೆಗೆ ನಡೆದ. ಕೈಗೆ ಅಂಟಿದ ರಬ್ಬರ್ ಹಾಲು ಇನ್ನೂ ಒಣಗಿರಲಿಲ್ಲ.

"ರಿನು, ಮಂಗಳೂರಿಗೆ ಯಾವಾಗ ಹೋಗುದು?"

"ಯಾಕೆ?"

"ನೈಟಿ ನೋಡಿದೆ. ಮತ್ತೆ ಬಂದದ್ದಲ್ವಾ? ನನ್ನ ಹತ್ತಿರ ಹೇಳುದೇ ಬೇಡ ಅಂತ ಮಾಡಿದ್ದಾ?"

ಅವಳು ತಿರುಗಿ ನೋಡಿದಳು. ಅವನ ಗಲ್ಲ ನಡುಗುತ್ತಿತ್ತು. ಅವಳಿಗೆ ಮೊದಲು ನಗು ಬಂತು, ನಗು ಪೂರ್ತಿಯಾಗುವ ಮೊದಲೇ ಕಣ್ಣು ತುಂಬಿತು.

"ಅಯ್ಯೋ ಇಚ್ಚಾಯಾ," ಎಂದಳು, ಗಂಡನನ್ನು ಯಾವಾಗಲೂ ಕರೆಯುವ ಹಾಗೆ. "ಅದು ಕಾಯಿಲೆ ಅಲ್ಲ. ಟ್ಯಾಟೂ."

"ಎಂತ?"

"ಟ್ಯಾಟೂ. ಹಚ್ಚೆ. ಆಪರೇಶನ್ ಆದ ಜಾಗದಲ್ಲಿ ಹಾಕಿಸ್ಕೊಂಡೆ. ಡಾಕ್ಟರ ಹತ್ರ ಕೇಳಿಯೇ ಹೋದದ್ದು. ನಿಮಗೆ ಹೇಳಿದ್ರೆ ಹೆದರ್ತೀರಿ ಅಂತ ಹೇಳ್ಲಿಲ್ಲ."

ನಿಬಿನ್ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಕೋಪ ಬರಬೇಕಿತ್ತು, ಬರಲಿಲ್ಲ. ದೊಡ್ಡ ಹೊರೆ ಇಳಿಸಿದವನ ಹಾಗೆ ಮೈಯೆಲ್ಲ ಸೋತಿತ್ತು. ತೋರಿಸು ಎನ್ನಲು ಬಾಯಿ ಬರಲಿಲ್ಲ. ಅವಳೇ ಮೆಲ್ಲಗೆ ಹೇಳಿದಳು, "ನೀವು ನೋಡ್ಬೇಕು ಅಂತ ಇಲ್ಲ."

ಆ ಮಾತು ಅವನಿಗೆ ಚುಚ್ಚಿತು. ಎರಡು ವರ್ಷದಿಂದ ಅವನು ಆ ಜಾಗವನ್ನು ನೋಡಿಯೇ ಇರಲಿಲ್ಲ. ಆಪರೇಶನ್ ಆದ ಹೊಸತರಲ್ಲಿ, ನಿದ್ದೆಯಲ್ಲಿ ಕೈ ತಾಗೀತೆಂದು ಮಗಳ ಕೋಣೆಯಲ್ಲಿ ಮಲಗತೊಡಗಿದ. ಗಾಯ ಮಾಗಿತು, ಅವನು ಮಾತ್ರ ಅಲ್ಲೇ ಉಳಿದ. ಹಾಗಿರೋಣ ಎಂದು ಇಬ್ಬರೂ ತೀರ್ಮಾನಿಸಿದ್ದಲ್ಲ. ತೀರ್ಮಾನಿಸಲಾಗದಷ್ಟು ಇಬ್ಬರೂ ದಣಿದಿದ್ದರು.

ಮರುದಿನ ರಿನು ತನಗೆ ಟ್ಯಾಟೂ ಹಾಕಿದ ಪುತ್ತೂರಿನ ಹುಡುಗಿಗೆ ವೀಡಿಯೊ ಕಾಲ್ ಮಾಡಿದ್ದಳು. ನಿಬಿನ್ ಬಾಗಿಲಾಚೆ ನಿಂತಿದ್ದ.

"ಆಂಟಿ, ಕಂಕುಳ ಹತ್ತಿರ ಸರಿ ಕ್ಲೀನ್ ಆಗ್ಲಿಲ್ಲ. ಸ್ವಲ್ಪ ಕೆಂಪಾಗಿದೆ ನೋಡಿ."

"ಅಲ್ಲಿಗೆ ನನ್ನ ಕೈ ಹೋಗುದಿಲ್ಲ ಮಗಾ. ಎಡ ತೋಳು ಮೇಲೆ ಎತ್ಲಿಕ್ಕೇ ಆಗುದಿಲ್ಲ. ಕನ್ನಡಿಯಲ್ಲೂ ಕಾಣುದಿಲ್ಲ."

"ಮತ್ತೆ ಹೇಗೆ? ಆ ಚರ್ಮಕ್ಕೆ ಸ್ಪರ್ಶ ಬೇರೆ ಇಲ್ಲ. ಇನ್ಫೆಕ್ಷನ್ ಆದ್ರೂ ನಿಮಗೆ ಗೊತ್ತಾಗುದಿಲ್ಲ. ಮನೆಯಲ್ಲಿ ಯಾರೂ ಇಲ್ವಾ?"

ರಿನು ನೈಟಿಯ ಗುಂಡಿ ಹಾಕತೊಡಗಿದಳು.

"ಇದ್ದೇನೆ" ಎಂದ ನಿಬಿನ್, ಬಾಗಿಲಲ್ಲಿ ನಿಂತೇ.

ಹುಡುಗಿ ಹೇಳಿದ್ದನ್ನೆಲ್ಲ ಅವನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡ. ವಾಸನೆ ಇಲ್ಲದ ಸೋಪು. ಉಗುರುಬೆಚ್ಚಗಿನ ನೀರು. ಉಜ್ಜಬಾರದು, ಒತ್ತಿ ಒರೆಸಬೇಕು. ಮುಲಾಮು ತೆಳ್ಳಗೆ. ಸಡಿಲ ಕಾಟನ್ ಬಟ್ಟೆ. ಬಿಸಿಲು ಬೇಡ. ಹಕ್ಕಳೆ ಎದ್ದರೆ ಕೀಳಬಾರದು. ಕೆಂಪು ಹೆಚ್ಚಿದರೆ, ಕೀವಾದರೆ, ಜ್ವರ ಬಂದರೆ ತಕ್ಷಣ ಡಾಕ್ಟರು.

ಉಗುರು ಕತ್ತರಿಸಿಕೊಂಡ. ಬೆರಳ ಸಂದಿಯ ರಬ್ಬರ್ ಹಾಲನ್ನೆಲ್ಲ ಕೆರೆದು ತೆಗೆದ. ಎರಡು ಸಲ ಸೋಪು ಹಾಕಿ ತೊಳೆದ.

ರಿನು ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕುಳಿತಿದ್ದಳು. ಗುಂಡಿ ಬಿಚ್ಚುವಾಗ ಅವಳ ಕಣ್ಣು ಅವನ ಮುಖವನ್ನು ಬಿಟ್ಟು ಕದಲಲಿಲ್ಲ. ಅವನೂ ತಲೆ ತಿರುಗಿಸಲಿಲ್ಲ.

ಸಮತಟ್ಟಾದ ಎದೆ. ಎದೆಯ ಮಧ್ಯದಿಂದ ಕಂಕುಳವರೆಗೆ ಓರೆಯಾಗಿ ಹೋದ ಗಾಯದ ಗೆರೆ. ಅದರ ಗುಂಟ ಪಕ್ಕೆಲುಬಿನ ಮೇಲೆ ಹರಿದ ಒಂದು ಬಳ್ಳಿ. ದಪ್ಪ ದಂಟು, ತುಂಬಿಕೊಂಡ ಎಲೆ, ಸಣ್ಣ ಸಣ್ಣ ನೇರಳೆ ಕಾಯಿ.

ನಿಬಿನ್ ಬಗ್ಗಿದ. ಇನ್ನಷ್ಟು ಬಗ್ಗಿದ.

"ಇದು... ಬಸಳೆಯಾ?"

"ಹೌದು."

"ಲೋಕದವರೆಲ್ಲ ಗುಲಾಬಿ ಹಾಕಿಸ್ತಾರೆ. ನೀನು ಊಟಕ್ಕೆ ಪದಾರ್ಥ ಮಾಡುವ ಬಸಳೆ ಹಾಕಿಸಿದ್ದಾ?"

"ಕತ್ತರಿಸಿದಷ್ಟೂ ಚಿಗುರ್ತದಲ್ಲ, ಅದಕ್ಕೆ. ನಿಮಗೆ ಇಷ್ಟ ಇಲ್ಲದಿದ್ರೆ ಬಿಡಿ."

"ಎಲೆ ಲಾಯ್ಕ್ ಉಂಟು" ಎಂದ ಅವನು, ತೀರಾ ಗಂಭೀರವಾಗಿ. ಅವಳು ನಕ್ಕಳು. ನಗುವಾಗ ಬಳ್ಳಿಯೂ ಅಲುಗಿತು.

ಅವನು ನೀರು ಹನಿಸಿದ. ಗಾಯದ ಗೆರೆಯ ಮೇಲೆ ಬೆರಳ ತುದಿ ಇಟ್ಟ.

"ನೋವಾಗ್ತದಾ?"

"ಅಲ್ಲಿ ಗೊತ್ತಾಗುದಿಲ್ಲ."

"ಇಲ್ಲಿ?"

"ಅಲ್ಲೂ ಇಲ್ಲ."

"ಇಲ್ಲಿ?"

ಅವಳ ಉಸಿರು ಒಂದು ಗಳಿಗೆ ನಿಂತಿತು. "ಅಲ್ಲಿ... ಗೊತ್ತಾಗ್ತದೆ."

ಅವನು ಕಿವಿಯವರೆಗೆ ಕೆಂಪಾದ. ಮದುವೆಯಾಗಿ ಹದಿನೇಳು ವರ್ಷವಾಗಿತ್ತು.

ಅಂದಿನಿಂದ ದಿನಕ್ಕೆರಡು ಬಾರಿ ಇದೇ ಕೆಲಸ. ಕೆಂಪು ಇಳಿಯಿತು. ಐದನೇ ದಿನ ಬಳ್ಳಿಯ ಸಿಪ್ಪೆ ಏಳತೊಡಗಿತು. ಸ್ಪರ್ಶವಿದ್ದ ಅಂಚಿನಲ್ಲಿ ತುರಿಕೆ ಶುರುವಾಯಿತು. ಅವಳ ಬಲಗೈ ಅತ್ತ ಹೋದಾಗಲೆಲ್ಲ ಅವನು ಹಿಡಿಯುತ್ತಿದ್ದ.

"ಕೆರೆಯುದು ಬೇಡ."

"ಹೇಳುದು ಸುಲಭ. ಕೈ ಬಿಡಿ."

"ಬಿಟ್ರೆ ಕೆರೀತೀಯ."

"ಹಾಗಾದ್ರೆ ಹಿಡ್ಕೊಂಡೇ ಇರ್ತೀರಾ?"

ಹಿಡಿದುಕೊಂಡೇ ಇದ್ದ. ಇನ್ನೊಂದು ಕೈಯಲ್ಲಿ ಮಗಳ ಹಳೆಯ ನೋಟ್‌ಬುಕ್ಕಿನಿಂದ ಗಾಳಿ ಹಾಕಿದ. ಕತ್ತಲಿರುವಾಗಲೇ ಎದ್ದು ಮುನ್ನೂರು ರಬ್ಬರ್ ಮರದ ತೊಗಟೆ ಗೀರಿ, ಟ್ಯಾಪ್ ಮಾಡಿ ಬಂದವನು. ಗಾಳಿ ಹಾಕುತ್ತ ಕುಳಿತಲ್ಲೇ ತೂಕಡಿಸಿದ. ಅವಳು ಎಬ್ಬಿಸಲಿಲ್ಲ.

ಹತ್ತನೆಯ ದಿನ ಮುಲಾಮು ಹಚ್ಚುತ್ತಿದ್ದಾಗ ರಿನು ಕೇಳಿದಳು, "ಆಸ್ಪತ್ರೆಯಲ್ಲಿ ಮೊದಲ ಸಲ ಡ್ರೆಸ್ಸಿಂಗ್ ಬಿಚ್ಚುವಾಗ ನೀವು ಹೊರಗೆ ಹೋದ್ರಲ್ಲ. ನೆನಪುಂಟಾ?"

ಅವನ ಬೆರಳು ನಿಂತಿತು.

"ಉಂಟು."

"ನಾನು ಎಂತ ಎಣಿಸಿದೆ ಗೊತ್ತುಂಟಾ? ಇವರಿಂದ ಇನ್ನು ನನ್ನನ್ನು ನೋಡ್ಲಿಕ್ಕೆ ಆಗುದಿಲ್ಲ ಅಂತ."

ಅವನು ಮುಲಾಮಿನ ಟ್ಯೂಬನ್ನು ಕೆಳಗಿಟ್ಟ. ಆಮೇಲೆ ಹೇಳಿದ, "ಮೆಟ್ಟಿಲಲ್ಲಿ ಕೂತು ಅತ್ತದ್ದು ನಾನು. ವಾಚ್‌ಮನ್ ಬಂದು, ಯಾರು ತೀರಿಕೊಂಡದ್ದು ಅಂತ ಕೇಳಿದ. ಅಷ್ಟು ಅತ್ತಿದ್ದೆ. ಅಸಹ್ಯ ಅಲ್ಲ ರಿನು. ಹೆದರಿಕೆ. ನೀನು ಹೋಗಿಬಿಟ್ರೆ ನಾನು ಎಂತ ಮಾಡುದು ಅಂತ."

"ನನಗೆ ಹೇಳ್ಬಹುದಿತ್ತಲ್ಲ."

"ನಿನಗೇ ಅಷ್ಟು ನೋವು. ನನ್ನ ಅಳುವನ್ನೂ ನೀನೇ ಹೊರುದಾ? ಆಮೇಲೆ ಮನೆಗೆ ಬಂದೆವು. ನಿನ್ನ ಕೋಣೆಗೆ ಹೇಗೆ ವಾಪಸ್ ಬರುದು ಅಂತಲೇ ನನಗೆ ಗೊತ್ತಾಗ್ಲಿಲ್ಲ."

"ನಡ್ಕೊಂಡು ಬರುದು. ನಾಲ್ಕು ಹೆಜ್ಜೆ ಉಂಟು."

ಅವಳ ದನಿಯಲ್ಲಿ ನಗುವಿತ್ತು, ಕೆನ್ನೆ ಒದ್ದೆಯಿತ್ತು. ಕಣ್ಣೊರೆಸಲು ಹೋದವನು ಬೆರಳ ಮುಲಾಮು ನೆನಪಾಗಿ ಮುಂಗೈಯಿಂದ ಒರೆಸಿದ.

"ಇದನ್ನು ನನಗೋಸ್ಕರ ಹಾಕಿಸಿದ್ದಾ?"

"ಅಲ್ಲ" ಎಂದಳು ರಿನು, ಅವನನ್ನೇ ನೋಡುತ್ತ. "ನನಗೋಸ್ಕರ. ಎರಡು ವರ್ಷ ಕಣ್ಣು ಮುಚ್ಚಿ ಸ್ನಾನ ಮಾಡಿದೆ. ಸಾಕಾಯ್ತು. ನೀವು ನೋಡಿದ್ದು ನನಗೆ ಸಿಕ್ಕಿದ ಲಾಭ."

ಹದಿನೈದನೆಯ ದಿನ ಪುತ್ತೂರಿನ ಹುಡುಗಿ ಫೋಟೊ ನೋಡಿ, ಇನ್ನು ಮುಲಾಮು ಬೇಡ ಎಂದಳು. ಒಳಗೆ ಪೂರ್ತಿ ಮಾಗಲು ಇನ್ನೂ ಕೆಲವು ವಾರ ಬೇಕಂತೆ, ಬಿಸಿಲು ಮಾತ್ರ ಬೇಡವಂತೆ.

ಮಧ್ಯಾಹ್ನ ಊಟ ಮುಗಿಸಿ ನಿಬಿನ್ ಅಭ್ಯಾಸಬಲದಿಂದ ಕೈ ತೊಳೆದು ಬಂದ. ರಿನು ಮಂಚದಲ್ಲಿ ಮಲಗಿದ್ದಳು.

"ಇವತ್ತು ಕೆಲಸ ಇಲ್ಲ ನಿಮಗೆ."

"ಹಾಗಾದ್ರೆ ಹೋಗ್ಲಾ? ರಬ್ಬರ್ ಶೀಟ್ ಒತ್ಲಿಕ್ಕೆ ಉಂಟು."

"ಅದು ಅರ್ಧ ಗಂಟೆ ಕಾಯ್ತದೆ" ಎಂದು ಅವಳು ಗೋಡೆಯ ಕಡೆಗೆ ಸರಿದಳು.

ಅವನು ಪಕ್ಕದಲ್ಲಿ ಮಲಗಿದ, ಹೊಸಬನ ಹಾಗೆ ಅಂಚಿನಲ್ಲಿ. ಅವಳು ಅವನ ತೋಳನ್ನು ಎಳೆದು ತಲೆ ಇಟ್ಟಳು. ಅವನು ಹೇಳಬೇಕೆಂದುಕೊಂಡದ್ದು ತುಂಬ ಇತ್ತು. ಬಾಯಿಗೆ ಬಂದದ್ದು ಒಂದೇ.

"ನೀನಿಲ್ಲದೆ ನನಗೆ ಆಗುದಿಲ್ಲ ರಿನು."

ಅವಳಿಗೆ ಆಗಲೇ ನಿದ್ದೆ ಬಂದಿತ್ತು. ಎಷ್ಟೋ ತಿಂಗಳ ಬಾಕಿ ನಿದ್ದೆ, ಬಾಯಿ ಸ್ವಲ್ಪ ತೆರೆದು.

ಇನ್ನೊಮ್ಮೆ ಹೇಳಬಹುದು, ಎದ್ದ ಮೇಲೆ, ಎಂದುಕೊಂಡ ನಿಬಿನ್. ಅವನ ತೋಳು ಜುಮ್ಮೆನ್ನತೊಡಗಿತ್ತು. ಅವನು ಅದನ್ನು ಕದಲಿಸಲಿಲ್ಲ.