ಕಾಣೆಯಾದ ಬೂದಿ

ಗಂಗೊಳ್ಳಿಯ ಹಂಸಿಕಾಳ ಅಡುಗೆಮನೆಯಲ್ಲಿ ಒಲೆ ತನ್ನಷ್ಟಕ್ಕೆ ಮರದ ಗುಳಿಗೆ ನುಂಗುತ್ತ ಕುಚ್ಚಲಕ್ಕಿ ಬೇಯಿಸುತ್ತಿತ್ತು. ಅನ್ನವಾದದ್ದೇ ತಡ, ವಾರವಿಡೀ ತನ್ನ ಅಡಿಯ ತಟ್ಟೆಯಲ್ಲಿ ಬಿದ್ದ ಬೂದಿಯನ್ನು ತಾನೇ ತೂಗಿ, ಆ ತೂಕವನ್ನು ಉಡುಪಿಯ ಪ್ರಯೋಗಾಲಯಕ್ಕೆ ಕಳಿಸಿತು. ಅಲ್ಲಿ ಅದನ್ನು ನೋಡಿದವಳು ಡಾ. ಮನಸ್ವಿ. ಒಲೆ ಅವಳೇ ಕಂಡುಹಿಡಿದದ್ದು, ಹಂಸಿಕಾ ಅವಳ ಒಡಹುಟ್ಟಿದ ತಂಗಿ.

ಗ್ಯಾಸ್ ಸಿಲಿಂಡರು ಅಜ್ಜಿಯರ ನೆನಪಾಗಿ ಹೋದ ಕಾಲ ಅದು. ಮರದ ಪುಡಿಯನ್ನು ಒತ್ತಿ, ಬೆರಳ ತುದಿಯಷ್ಟು ಗಾತ್ರಕ್ಕೆ ಕತ್ತರಿಸಿದ ಗುಳಿಗೆಗಳೇ ಮನೆಮನೆಯ ಉರುವಲು. ಹೊಗೆಯಲ್ಲಿ ಹಾರಿಹೋಗಬೇಕಾದ ಕೊಳೆಯನ್ನೆಲ್ಲ ಮನಸ್ವಿಯ ಒಲೆಯ ಜಾಲರಿ ಹಿಡಿದು ಬೂದಿಗೆ ಇಳಿಸುತ್ತಿತ್ತು. ಗೋಡೆಗೆ ಮಸಿಯಿಲ್ಲ, ಕಣ್ಣಿಗೆ ಉರಿಯಿಲ್ಲ. ಜನ ಹೊಗಳಿದ್ದೇ ಹೊಗಳಿದ್ದು. ಆ ಕೊಳೆ ಎಲ್ಲಿ ಹೋಯಿತು ಎಂದು ಕೇಳಿದವರು ಮಾತ್ರ ಒಬ್ಬರೂ ಇಲ್ಲ. ನಾವು ಇರುವುದೇ ಹಾಗೆ, ಏನು ಮಾಡುವುದು!

ಯಾವ ಗುಳಿಗೆ ಹೆಚ್ಚು ಶುದ್ಧ ಎಂದು ಮನಸ್ವಿ ಹೋಲಿಸಿ ನೋಡುತ್ತಿದ್ದಳು. ಗೇರುಸಿಪ್ಪೆಯದು ಜಿಗುಟು ಮಸಿ ಬಿಡುತ್ತಿತ್ತು. ರಬ್ಬರ್ ಮರದ್ದು ಪರವಾಗಿಲ್ಲ. ಒಡೆದ ಹಳೆಯ ದೋಣಿಗಳ ಮರದ ಗುಳಿಗೆ ಮಾತ್ರ ವಿಚಿತ್ರ. ಪ್ರಯೋಗಾಲಯದಲ್ಲಿ ಅದು ಕೊಟ್ಟ ಬೂದಿಯ ಅರ್ಧದಷ್ಟೂ ತಂಗಿಯ ಮನೆಯಲ್ಲಿ ಬೀಳುತ್ತಿರಲಿಲ್ಲ. ಮನೆಯ ಬಳಕೆಯಲ್ಲಿ ಒಲೆ ಇನ್ನೂ ಚೆನ್ನಾಗಿ ಉರಿಯುತ್ತಿದೆ ಎಂದು ಮೊದಲು ಅವಳು ಹಿಗ್ಗಿದಳು.

ಆಮೇಲೆ ಹೆದರಿಕೆ ಶುರುವಾಯಿತು. ಮರದೊಳಗೆ ಉರಿಯಲಾರದೆ ಉಳಿಯುವ ಅಂಶವೇ ಬೂದಿ. ಬೆಂಕಿ ಎಷ್ಟೇ ಚೆನ್ನಾಗಿದ್ದರೂ ಅದು ಅರ್ಧಕ್ಕೆ ಇಳಿಯುವಂತಿಲ್ಲ. ಹಾಗಾದರೆ ಯಾರೋ ತಟ್ಟೆಯಿಂದ ಬೂದಿ ತೆಗೆಯುತ್ತಿರಬೇಕು. ಪ್ರಯೋಗಾಲಯದ ಬೂದಿಯನ್ನೇ ಪರೀಕ್ಷೆಗೆ ಹಾಕಿದಳು. ಸೀಸ ಸಿಕ್ಕಿತು, ದೋಣಿಗೆ ಬಳಿದಿದ್ದ ಹಳೆಯ ಬಣ್ಣದ್ದು. ಬಣ್ಣ ಕೆರೆದೇ ಪುಡಿ ಮಾಡಿದ್ದೇವೆ ಎಂದು ಗುಳಿಗೆ ಕಾರ್ಖಾನೆಯವರು ಹೇಳಿದ್ದನ್ನು ಅವಳು ನಂಬಿಬಿಟ್ಟಿದ್ದಳು. ಹಂಸಿಕಾ ಆರು ತಿಂಗಳ ಬಸುರಿ.

ಸಿಕ್ಕಿದ ಬಸ್ಸು ಹತ್ತಿ ಗಂಗೊಳ್ಳಿಗೆ ಓಡಿದಳು. ಬೂದಿಯಲ್ಲಿ ಪಾತ್ರೆ ತಿಕ್ಕುತ್ತೀರಾ, ಮೀನು ಉಜ್ಜುತ್ತೀರಾ ಎಂದು ತಂಗಿಯ ಅತ್ತೆ ರೇಷ್ಮಾರನ್ನು ಕೇಳಿದಳು. ಈ ಕಾಲದಲ್ಲಿ ಬೂದಿ ಮುಟ್ಟುವವರು ಯಾರು, ಆ ತಟ್ಟೆಯನ್ನು ತಾನು ಎಳೆದೂ ನೋಡಿಲ್ಲ ಎಂದು ಅವರು ನಕ್ಕರು. ಹಂಸಿಕಾ ನಗಲಿಲ್ಲ, ತಲೆ ತಗ್ಗಿಸಿದಳು.

"ಹಂಸೀ, ಬೂದಿ ಎಂತ ಆಯ್ತ್?"

"ಬಯಕೆ ಅಕ್ಕ. ಮೊದ್ಲ್ ಒಂಚೂರ್ ನಾಲ್ಗಿಗ್ ಹಚ್ಕಂಡೆ. ಸಿಹಿ ಇತ್ತ್. ಮತ್ತೆ ಬಿಡುಕೇ ಆಯ್ಲಿಲ್ಲ."

ಸೀಸದ ಲವಣ ಸಿಹಿಯಾಗಿರುತ್ತದೆ ಎಂದು ಮನಸ್ವಿ ಎಂದೋ ಓದಿದ್ದಳು. ಬಸುರಿಯರಿಗೆ ಮಣ್ಣು, ಬೂದಿ ತಿನ್ನುವ ಆಸೆಯಾಗುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ, ಅವಳಿಗೂ ಗೊತ್ತಿತ್ತು. ಒಲೆಯ ನಕ್ಷೆ ಬರೆಯುವಾಗ ಅದು ನೆನಪಾಗಿರಲಿಲ್ಲ, ಅಷ್ಟೆ. ತಂಗಿಯ ಕೈ ಹಿಡಿದುಕೊಂಡೇ ಕುಂದಾಪುರದ ಆಸ್ಪತ್ರೆಗೆ ಕರೆದೊಯ್ದಳು. ದಾರಿಯುದ್ದಕ್ಕೂ ಹಂಸಿಕಾ ಮಗು ಒದೆಯುತ್ತಿದೆ, ಒದೆಯುತ್ತಿದೆ ಎಂದು ಹೇಳುತ್ತಲೇ ಇದ್ದಳು.

ರಕ್ತದಲ್ಲಿ ಸೀಸ ಇತ್ತು. ಚಿಕಿತ್ಸೆ ಇವತ್ತೇ ಶುರುಮಾಡೋಣ ಎಂದರು ಡಾಕ್ಟರು. ಮಗುವಿನ ಎದೆಬಡಿತ ಸರಿಯಾಗಿದೆ, ಆದರೆ ತಾಯಿಯ ರಕ್ತದಿಂದ ಅದಕ್ಕೆಷ್ಟು ಹೋಗಿದೆ, ಅದರ ಮಿದುಳಿಗೆ ಏನಾಗಿದೆ ಎಂದು ಈಗಲೇ ಹೇಳಲಾಗದು ಎಂದೂ ಹೇಳಿದರು.

ಆಸ್ಪತ್ರೆಯ ಜಗಲಿಯಲ್ಲಿ ಕೂತು ಮನಸ್ವಿ ತನ್ನ ಒಲೆಯಿದ್ದ ಎಲ್ಲ ಮನೆಗಳಿಂದ ಬಂದ ಬೂದಿಯ ತೂಕಗಳನ್ನು ಫೋನಿನಲ್ಲಿ ಮತ್ತೆ ತೆರೆದಳು. ಹೊಗೆ, ವಾಸನೆ, ಮಸಿ ಎಲ್ಲ ವಿಚಾರಿಸಿದ್ದಳು. ಮನೆಯಲ್ಲಿ ಬಸುರಿಯರಿದ್ದಾರೆಯೇ ಎಂದು ಕೇಳಿರಲಿಲ್ಲ. ಈಗ ನಮ್ಮ ಅಂಗಡಿಗಳಲ್ಲಿ ಸಿಗುವ ಒಲೆಗಳನ್ನೂ ನಾವು ಹೊಗೆ ನೋಡಿಯೇ ಕೊಳ್ಳುತ್ತೇವೆ ತಾನೆ?

ಬೈಂದೂರಿನ ಒಂದು ಮನೆಯಲ್ಲೂ ಅದೇ ದೋಣಿಮರದ ಗುಳಿಗೆ, ಅಲ್ಲೂ ಬೂದಿ ಅರ್ಧಕ್ಕಿಂತ ಕಡಿಮೆ. ಆ ಮನೆಗೆ ಫೋನು ಮಾಡಿದಳು. ಎತ್ತಿದವಳು ಎಳೆ ದನಿಯ ಹೆಂಗಸು. ಮನೆಯಲ್ಲಿ ಯಾರಾದರೂ ಒಲೆಯ ಬೂದಿ ತಿನ್ನುತ್ತಾರಾ ಎಂದು ಮನಸ್ವಿ ಕೇಳಿದಳು. ಅತ್ತ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಅವಳು ದನಿ ತಗ್ಗಿಸಿ ಕೇಳಿದಳು.

"ತಿಂದ್ರೆ ಎಂತ ಆತ್ತ್, ಮೇಡಂ?"